ಬೆಂಗಳೂರು–ಫ್ರಾಂಕ್‌ಫರ್ಟ್: ಹೋಗುವಾಗ 6 ಗಂಟೆ, ಬರುವಾಗ 13 ಗಂಟೆ ಅಂತ ಯಾಕೆ ಬರುತ್ತದೆ?

ಸುಮಾ_ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಮ್ಮಕ್ಕ ಜರ್ಮನಿಯ ಮನ್‌ಹೈಮ್‌ನಲ್ಲಿದ್ದಾಳೆ, ಅಕ್ಟೋಬರ್ ಕೊನೆಗೆ ಹೆರಿಗೆ. ಬಾಣಂತನಕ್ಕೆ ಅಂತ ಅಪ್ಪ ಅವ್ವ ಇಬ್ಬರೂ ಹೊರಟಿದ್ದಾರೆ. ಇಬ್ಬರಿಗೂ ಇದೇ ಮೊದಲ ವಿಮಾನ. ಅಕ್ಟೋಬರ್ 14ಕ್ಕೆ ಹೋಗುವುದು, ಜನವರಿ 5ಕ್ಕೆ ವಾಪಸ್ ಹೊರಡುವುದು.

ಭಾವ ಕಳಿಸಿದ ಟಿಕೆಟ್‌ನಲ್ಲಿ ಹೀಗಿದೆ. ಬೆಂಗಳೂರಿಂದ ಬೆಳಗಿನ ಜಾವ 3.30ಕ್ಕೆ ಬಿಟ್ಟು ಅದೇ ದಿನ ಬೆಳಿಗ್ಗೆ 9.30ಕ್ಕೆ ಫ್ರಾಂಕ್‌ಫರ್ಟ್. ಬರುವಾಗ ಅಲ್ಲಿಂದ ಮಧ್ಯಾಹ್ನ 1ಕ್ಕೆ ಬಿಟ್ಟು ಮಾರನೇ ದಿನ ಬೆಳಗಿನ ಜಾವ 2.15ಕ್ಕೆ ಬೆಂಗಳೂರು. ನೇರ ವಿಮಾನ, ನಡುವೆ ಎಲ್ಲೂ ಇಳಿಯುವುದಿಲ್ಲ.

ಅಪ್ಪ ಟಿಕೆಟ್ ಪ್ರಿಂಟಿನ ಹಿಂದೆ ಪೆನ್ಸಿಲ್‌ನಲ್ಲಿ ಕಳೆಯುವ ಲೆಕ್ಕ ಹಾಕಿದ್ದಾರೆ. ಹೋಗೋಕೆ 6 ಗಂಟೆ, ಬರೋಕೆ 13 ಕಾಲು ಗಂಟೆ. ಎರಡರ ಕೆಳಗೂ ಗೆರೆ ಎಳೆದು ಪಕ್ಕದಲ್ಲಿ ದೊಡ್ಡದಾಗಿ ಪ್ರಶ್ನೆ ಗುರುತು ಹಾಕಿದ್ದಾರೆ. "ಹೋಗೋ ದಾರಿ, ಬರೋ ದಾರಿ ಒಂದೇ ತಾನೇ, ಡಬಲ್‌ಗಿಂತ ಜಾಸ್ತಿ ಹೊತ್ತು ಯಾಕಮ್ಮ" ಅಂತ ಕೇಳುತ್ತಿದ್ದಾರೆ. ನನಗೆ ಸರಿಯಾಗಿ ಹೇಳೋಕೆ ಆಗಲಿಲ್ಲ. ದೂರ ಎಷ್ಟು ಅಂತ ಹುಡುಕಿದರೆ ಒಂದು ಕಡೆ 7,400, ಇನ್ನೊಂದು ಕಡೆ 4,600, ಮತ್ತೊಂದು ಕಡೆ 4,000 ಅಂತ ಇದೆ. ಯಾವುದನ್ನು ನಂಬೋದು?

ಇದನ್ನು ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಬೆಳಿಗ್ಗೆ 8ಕ್ಕೆ, ರಾತ್ರಿ 8ಕ್ಕೆ ಇನ್ಸುಲಿನ್ ತಗೊಳ್ತಾರೆ. ನಿಜವಾಗಿ ಎಷ್ಟು ಗಂಟೆ ವಿಮಾನದಲ್ಲಿ ಕೂತಿರಬೇಕು, ಮಂಡ್ಯದ ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು, ಇದು ಗೊತ್ತಾಗಬೇಕು. ತಿಳಿದವರು ದಯವಿಟ್ಟು ಹೇಳಿ.

ಭೂಗೋಳದ_ಮೇಷ್ಟ್ರು:

ಸುಮಾ, ನಿಮ್ಮ ತಂದೆಯವರು ಕಳೆದಿರುವುದು ಸರಿಯಾಗಿಯೇ ಇದೆ. ಆದರೆ ಟಿಕೆಟ್‌ನಲ್ಲಿ ಇರುವುದು ಎರಡು ಊರಿನ ಎರಡು ಗಡಿಯಾರ. ಹೊರಡುವ ಸಮಯ ಹೊರಡುವ ಊರಿನದು, ಇಳಿಯುವ ಸಮಯ ಇಳಿಯುವ ಊರಿನದು. ಯಾವ ವಿಮಾನ ಕಂಪನಿಯ ಟಿಕೆಟ್ ತೆಗೆದುಕೊಂಡರೂ ಇದೇ ರೂಢಿ. ಎರಡನ್ನೂ ಒಂದೇ ಗಡಿಯಾರಕ್ಕೆ ತಂದುಕೊಂಡ ಮೇಲೆ ಕಳೆಯಬೇಕು.

ಅಕ್ಟೋಬರ್ 14ಕ್ಕೆ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತದೆ. ಅಂದರೆ ಇಲ್ಲಿ ಬೆಳಗಿನ ಜಾವ 3.30 ಆದಾಗ ಅಲ್ಲಿ ನಡುರಾತ್ರಿ 12. ಅಲ್ಲಿನ 12ರಿಂದ ಅಲ್ಲಿನ 9.30ರವರೆಗೆ ಒಂಬತ್ತೂವರೆ ಗಂಟೆ. ಇದೇ ನಿಜವಾದ ಪ್ರಯಾಣದ ಸಮಯ.

ಇನ್ನು ವಾಪಸ್ ಬರುವುದು. ಇಲ್ಲೊಂದು ವಿಷಯ ಇದೆ, ಬಹಳ ಜನ ಗಮನಿಸುವುದಿಲ್ಲ. ಜರ್ಮನಿಯಲ್ಲಿ ಪ್ರತಿ ವರ್ಷ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ನಿಮ್ಮ ತಂದೆ ತಾಯಿ ಅಲ್ಲಿರುವಾಗಲೇ ಇದು ನಡೆಯುತ್ತದೆ. ಆಮೇಲೆ ನಮಗೂ ಅವರಿಗೂ ವ್ಯತ್ಯಾಸ ಮೂರೂವರೆ ಅಲ್ಲ, ನಾಲ್ಕೂವರೆ ಗಂಟೆ. ಹಾಗಾಗಿ ಜನವರಿಯಲ್ಲಿ ಅಲ್ಲಿ ಮಧ್ಯಾಹ್ನ 1 ಅಂದರೆ ಇಲ್ಲಿ ಸಂಜೆ 5.30. ಅಲ್ಲಿಂದ 2.15ರವರೆಗೆ ಎಣಿಸಿ, ಎಂಟೂಮುಕ್ಕಾಲು ಗಂಟೆ ಬರುತ್ತದೆ.

ಅಂದರೆ ಹೋಗುವಾಗ 9 ಗಂಟೆ 30 ನಿಮಿಷ, ಬರುವಾಗ 8 ಗಂಟೆ 45 ನಿಮಿಷ. ಬರುವಾಗಲೇ ಕಡಿಮೆ! ತಂದೆಯವರಿಗೆ ಇದನ್ನು ತೋರಿಸಿ, ಖುಷಿಪಡುತ್ತಾರೆ.

ಎರಡು ದಾರಿಯ ಗಂಟೆಗಳನ್ನು ಕೂಡಿಸಿ ಅರ್ಧ ಮಾಡಿದರೆ ಸರಿಯಾದ ಸಮಯ ಬರುತ್ತದೆ ಅಂತ ಕೆಲವರು ಹೇಳಿಕೊಡುತ್ತಾರೆ. ಹೋಗುವಾಗ ಕಳೆದುಹೋದ ವ್ಯತ್ಯಾಸ ಬರುವಾಗ ಸೇರಿಕೊಳ್ಳುತ್ತದೆ, ಆದ್ದರಿಂದ ಉಪಾಯ ಒಳ್ಳೆಯದೇ. ಆದರೆ ನಡುವೆ ಗಡಿಯಾರ ತಿರುಗಿಸಿದ್ದರೆ ಅರ್ಧ ಗಂಟೆ ತಪ್ಪುತ್ತದೆ. ನಿಮ್ಮದೇ ನೋಡಿ. 6ಕ್ಕೆ 13 ಕಾಲು ಸೇರಿಸಿ ಅರ್ಧ ಮಾಡಿದರೆ 9 ಗಂಟೆ 37 ನಿಮಿಷದ ಹತ್ತಿರ ಬರುತ್ತದೆ. ನಿಜವಾದ ಸರಾಸರಿ 9 ಗಂಟೆ 7 ನಿಮಿಷ.

ನಮ್ಮಲ್ಲಿ ಈ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಮಂಡ್ಯದಂತಹ ಊರಲ್ಲಿ ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆಯ ಆಸುಪಾಸಿನಲ್ಲೇ ಇರುವುದರಿಂದ ಅದರ ಅಗತ್ಯವೂ ಇಲ್ಲ. ಫ್ರಾಂಕ್‌ಫರ್ಟ್ ಇರುವುದು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು 8 ಗಂಟೆಯಷ್ಟೇ, ಸಂಜೆ ನಾಲ್ಕೂವರೆಗೆಲ್ಲ ಹೊತ್ತು ಮುಳುಗಿರುತ್ತದೆ. ತಾಯಿಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ. ದಿನಾ ಬೆಳಿಗ್ಗೆ ಸೂರ್ಯನನ್ನು ನೋಡಿ ಎದ್ದು ಅಭ್ಯಾಸ ಇರುವವರಿಗೆ ಮೊದಮೊದಲು ಬೇಜಾರಾಗುತ್ತದೆ.

ಸುಮಾ_ಮಂಡ್ಯ:

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಪ್ರಶ್ನೆ ಗುರುತಿನ ಪಕ್ಕ 9.30, 8.45 ಅಂತ ಅವರೇ ಬರೆದುಕೊಂಡರು. ಈಗ ಹೊಸ ಪ್ರಶ್ನೆ ಹುಟ್ಟಿದೆ. ದೂರ ಒಂದೇ ಆದಮೇಲೆ ಆ ಮುಕ್ಕಾಲು ಗಂಟೆ ಕಡಿಮೆಯಾದದ್ದು ಹೇಗೆ? ಕಿಲೋಮೀಟರ್ ವಿಷಯವೂ ಇನ್ನೂ ಬಗೆಹರಿದಿಲ್ಲ.

ಮಂಡಕಳ್ಳಿ_ರನ್‌ವೇ:

ನಾನು ಮೈಸೂರಿನವನು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಸ್ಟಾಫ್ ಆಗಿ ಕೆಲಸ ಮಾಡಿದ್ದೇನೆ, ಅದಕ್ಕೇ ಇದಕ್ಕೆ ಉತ್ತರ ಬರೆಯೋಣ ಅನ್ನಿಸಿತು.

ಮೊದಲು ಆ ಮೂರು ಸಂಖ್ಯೆ. ಮೂರೂ ಸರಿ ಮೇಡಂ. 7,400 ಕಿಲೋಮೀಟರ್, 4,600 ಮೈಲಿ, 4,000 ನಾಟಿಕಲ್ ಮೈಲಿ, ಮೂರೂ ಒಂದೇ ದೂರ. ಮಾಮೂಲಿ ಮೈಲಿ ಅಂದರೆ 1.609 ಕಿ.ಮೀ., ನಾಟಿಕಲ್ ಮೈಲಿ ಅಂದರೆ 1.852 ಕಿ.ಮೀ. ಪೈಲಟ್‌ಗಳು, ಕಂಟ್ರೋಲ್ ಟವರ್‌ನವರು ಎಲ್ಲರೂ ನಾಟಿಕಲ್ ಮೈಲಿಯಲ್ಲೇ ಮಾತಾಡುವುದು. ಕೆಲವು ತಾಣಗಳು ಸಂಖ್ಯೆ ಮಾತ್ರ ದೊಡ್ಡದಾಗಿ ಹಾಕಿ ಅಳತೆ ಯಾವುದು ಅಂತ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತವೆ. ಅದರಿಂದಲೇ ಈ ಗೊಂದಲ.

ಆದರೆ ಆ 7,400 ಯಾವ ದೂರ ಅನ್ನುವುದೂ ಗೊತ್ತಿರಬೇಕು. ಮನೆಯಲ್ಲಿ ಅಥವಾ ಹತ್ತಿರದ ಶಾಲೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತಗೊಂಡು ಬೆಂಗಳೂರಿನ ಮೇಲೆ ಒಂದು ತುದಿ, ಫ್ರಾಂಕ್‌ಫರ್ಟ್ ಮೇಲೆ ಇನ್ನೊಂದು ತುದಿ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಕರಾಚಿಯ ಹತ್ತಿರ ಹಾದು, ಟೆಹರಾನ್ ಆಸುಪಾಸಿನಿಂದ ಕಪ್ಪು ಸಮುದ್ರದ ಮೇಲೆ ಹೋಗುತ್ತದೆ. ಭೂಮಿಯ ಮೇಲೆ ಎರಡು ಊರಿನ ನಡುವಿನ ಅತಿ ಹತ್ತಿರದ ದಾರಿ ಅದು. ತಾಣಗಳು ತೋರಿಸುವುದು ಈ ದಾರದ ಉದ್ದವನ್ನು. ಗೋಡೆಯ ಮೇಲಿನ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದರೆ ಬೇರೆಯೇ ದಾರಿ ಕಾಣುತ್ತದೆ, ಯಾಕೆಂದರೆ ನಕ್ಷೆ ಚಪ್ಪಟೆ. ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಇನ್ನೂ ಒಳ್ಳೆಯ ಉದಾಹರಣೆ. ಸುಮಾರು 14,000 ಕಿ.ಮೀ. ನಕ್ಷೆಯಲ್ಲಿ ನೋಡಿದರೆ ಪೆಸಿಫಿಕ್ ಸಾಗರ ದಾಟಬೇಕು ಅನ್ನಿಸುತ್ತದೆ, ಗ್ಲೋಬ್ ಮೇಲೆ ದಾರ ಎಳೆದರೆ ಉತ್ತರ ಧ್ರುವದ ಹತ್ತಿರ ಹೋಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸೇರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರವಾಗಿ ವಿಮಾನ ತಂದರಲ್ಲ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ತಂಡ, ಅವರು ಬಂದದ್ದು ಆ ಧ್ರುವದ ದಾರಿಯಲ್ಲೇ. ಆ ದಿನದ ಸುದ್ದಿ ನೋಡಿ ನನಗೆ ಎಷ್ಟು ಹೆಮ್ಮೆ ಆಗಿತ್ತು ಅಂದರೆ ಸಿಕ್ಕಿದವರಿಗೆಲ್ಲ ಹೇಳಿಕೊಂಡು ಓಡಾಡಿದ್ದೆ.

ದಾರದ ದಾರಿಯಲ್ಲೇ ವಿಮಾನ ಹೋಗಲೇಬೇಕು ಅಂತೇನೂ ಇಲ್ಲ. ಉಕ್ರೇನ್ ಮೇಲಿನ ಆಕಾಶ 2022ರ ಫೆಬ್ರವರಿಯಿಂದ ಪ್ರಯಾಣಿಕರ ವಿಮಾನಗಳಿಗೆ ಬಂದ್. ಪಾಕಿಸ್ತಾನ 2019ರಲ್ಲಿ ಕೆಲವು ತಿಂಗಳು ಆಕಾಶ ಮುಚ್ಚಿತ್ತು, 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಮತ್ತೆ ಮುಚ್ಚಿತು. ಇರಾನ್ ಕಡೆ ಗಲಾಟೆ ಆದಾಗ ಅಲ್ಲೂ ಹಾಗೇ. ಆಗೆಲ್ಲ ಸುತ್ತಿ ಬಳಸಿ ಹೋಗಬೇಕು. ಹೆಲ್ಸಿಂಕಿಯಿಂದ ಟೋಕಿಯೋಗೆ ಮೊದಲು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು, ರಷ್ಯಾದ ಆಕಾಶ ಮುಚ್ಚಿದ ಮೇಲೆ 13 ಗಂಟೆ ಹಿಡಿಯುತ್ತದೆ. ಎರಡೂ ಊರು ಇದ್ದಲ್ಲೇ ಇವೆ, ಅವುಗಳ ನಡುವಿನ ದೂರ ಒಂದಿಂಚೂ ಬದಲಾಗಿಲ್ಲ. ಹೀಗಾಗಿ ಹೊರಡುವ ಹಿಂದಿನ ವಾರ ಟಿಕೆಟ್‌ನ ಸಮಯ ಬದಲಾಗಿದೆಯಾ ಅಂತ ಇನ್ನೊಮ್ಮೆ ನೋಡಿಕೊಳ್ಳಿ, ಕಂಪನಿಯವರು ಇಮೇಲ್ ಕಳಿಸಿ ಸುಮ್ಮನಾಗುತ್ತಾರೆ.

ಈಗ ಮುಕ್ಕಾಲು ಗಂಟೆಯ ಪ್ರಶ್ನೆ. ಕಾರಣ ಗಾಳಿ. 9ರಿಂದ 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಯ ಪಟ್ಟಿ ಇದೆ, ಜೆಟ್ ಸ್ಟ್ರೀಮ್ ಅಂತ ಕರೆಯುತ್ತಾರೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯಲ್ಲಿ ನೀರು ಜೋರಿದ್ದಾಗ ಹರಿಗೋಲು ಹರಿವಿನ ಜೊತೆ ಹೋದರೆ ಹೇಗೆ, ಎದುರು ಹೋದರೆ ಹೇಗೆ, ಅದೇ ಲೆಕ್ಕ. ವಿಮಾನದ ಸ್ವಂತ ವೇಗ ಗಂಟೆಗೆ ಸುಮಾರು 900 ಕಿ.ಮೀ. ಎದುರುಗಾಳಿ 50 ಇದ್ದರೆ ನೆಲದ ಮೇಲಿನ ಲೆಕ್ಕಕ್ಕೆ 850, ಹಿಂದಿನಿಂದ 50 ತಳ್ಳಿದರೆ 950. 7,400ನ್ನು ಎರಡರಿಂದಲೂ ಭಾಗಿಸಿ ನೋಡಿ. 8 ಗಂಟೆ 42 ನಿಮಿಷ, 7 ಗಂಟೆ 47 ನಿಮಿಷ. 50 ಕಿಲೋಮೀಟರ್ ಗಾಳಿಗೇ ಒಂದು ಗಂಟೆಯ ಹತ್ತಿರ ವ್ಯತ್ಯಾಸ. ಚಳಿಗಾಲದಲ್ಲಿ ಈ ಗಾಳಿ ಇನ್ನೂ ಜೋರು. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಎದ್ದಾಗ ಬ್ರಿಟಿಷ್ ಏರ್‌ವೇಸ್‌ನ ಒಂದು ಜಂಬೋ ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದುಬಿಟ್ಟಿತ್ತು.

ಟಿಕೆಟ್‌ನಲ್ಲಿ ಒಂಬತ್ತೂವರೆ ಅಂತ ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. 3.30 ಅಂದರೆ ವಿಮಾನ ನೆಲ ಬಿಡುವ ಸಮಯ ಅಲ್ಲ, ಗೇಟಿನಿಂದ ಹಿಂದಕ್ಕೆ ಸರಿಯುವ ಸಮಯ. 9.30 ಅಂದರೆ ಅಲ್ಲಿ ಗೇಟಿಗೆ ಬಂದು ನಿಲ್ಲುವ ಸಮಯ. ಎರಡೂ ಕಡೆ ರನ್‌ವೇಗೆ ಹೋಗುವುದು, ಸಾಲಲ್ಲಿ ಕಾಯುವುದು ಎಲ್ಲ ಅದರೊಳಗೇ ಸೇರಿದೆ. ಹಾಗಾಗಿ ಯಾವುದೇ ದೂರದ ವಿಮಾನಕ್ಕೆ ಅಂದಾಜು ಮಾಡಬೇಕಾದರೆ ಕಿಲೋಮೀಟರನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿ. ತುಂಬಾ ಹತ್ತಿರ ಬರುತ್ತದೆ.

ಹೆಬ್ಬಾಳ್_ರಿಂಗ್‌ರೋಡ್_ಮೈಸೂರು:

ನೇರ ವಿಮಾನ ದುಬಾರಿ ಅಲ್ವಾ? ದುಬೈ ಮೇಲೆ ಹೋದರೆ ಬಹಳಷ್ಟು ಸಲ ಕಡಿಮೆಗೆ ಸಿಗುತ್ತದೆ. ದೂರವೂ ಜಾಸ್ತಿ ಆಗಲ್ಲ ಅಂತ ಕೇಳಿದ್ದೇನೆ.

ಮಂಡಕಳ್ಳಿ_ರನ್‌ವೇ:

ದೂರ ಜಾಸ್ತಿ ಆಗಲ್ಲ, ನಿಜ. ಬೆಂಗಳೂರು–ದುಬೈ ಸುಮಾರು 2,700, ದುಬೈ–ಫ್ರಾಂಕ್‌ಫರ್ಟ್ ಸುಮಾರು 4,850. ಒಟ್ಟು 7,550. ನೇರ ದಾರಿಗಿಂತ 150 ಕಿ.ಮೀ. ಮಾತ್ರ ಹೆಚ್ಚು, ಮಂಡ್ಯದಿಂದ ದೇವನಹಳ್ಳಿಗೆ ಹೋದಷ್ಟು. ಆದರೆ ಸಮಯ ನೋಡಿ. ದುಬೈಗೆ 4 ಗಂಟೆ, ಅಲ್ಲಿಂದ 7 ಗಂಟೆ, ನಡುವೆ ಕನಿಷ್ಠ ಎರಡು ಮೂರು ಗಂಟೆ ಕಾಯುವುದು. 13–14 ಗಂಟೆ ಅಂತೂ ಗ್ಯಾರಂಟಿ. ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ನಡುರಾತ್ರಿ ಇಂಗ್ಲಿಷ್ ಬೋರ್ಡ್ ಓದಿಕೊಂಡು ಗೇಟ್ ಹುಡುಕಬೇಕು. ಮೊದಲ ಸಲ ಹೋಗುವ ಹಿರಿಯರಿಗೆ ನಾನು ಎಂದೂ ನೇರ ವಿಮಾನವನ್ನೇ ಹೇಳುವುದು. ಇವರದು ಹೇಗೂ ಬುಕ್ ಆಗಿದೆ, ಒಳ್ಳೆಯದಾಯಿತು.

ಕಾವೇರಿಬಯಲು:

ಇದಕ್ಕೆ ನಾನು ಪೂರ್ತಿ ಒಪ್ಪುವುದಿಲ್ಲ ಅಣ್ಣ. ನಮ್ಮ ಅತ್ತೆಗೆ ಒಂದೇ ಕಡೆ ಕೂತರೆ ಕಾಲು ಊದಿಕೊಳ್ಳುತ್ತದೆ. ನಡುವೆ ಇಳಿದು ಓಡಾಡಿದ್ದರಿಂದಲೇ ಅವರಿಗೆ ಹಗುರ ಆಯಿತು. ವೀಲ್‌ಚೇರ್ ಮೊದಲೇ ಹೇಳಿಟ್ಟಿದ್ದರೆ ಒಂದು ಗೇಟಿಂದ ಇನ್ನೊಂದು ಗೇಟಿಗೆ ಅವರೇ ಕರೆದುಕೊಂಡು ಹೋಗುತ್ತಾರೆ, ಭಾಷೆಯ ತೊಂದರೆ ಅಷ್ಟಾಗಿ ಬರುವುದಿಲ್ಲ. ಆದರೆ ಇನ್ಸುಲಿನ್ ತಗೊಳ್ಳುವವರಿಗೆ ನೇರ ವಿಮಾನವೇ ಸರಿ ಅನ್ನುವುದನ್ನು ಒಪ್ಪುತ್ತೇನೆ.

ಸುಮಾ, ಸೀಟು ಆರಿಸುವಾಗ ಅಪ್ಪನಿಗೆ ನಡೆಯುವ ದಾರಿಯ ಪಕ್ಕದ್ದೇ ಹಾಕಿಸಿ. ಕಿಟಕಿ ಪಕ್ಕ ಕೂತರೆ ಶೌಚಾಲಯಕ್ಕೆ ಏಳಬೇಕಾದಾಗಲೆಲ್ಲ ಪಕ್ಕದವರನ್ನು ಎಬ್ಬಿಸಬೇಕಲ್ಲ ಅಂತ ಸಂಕೋಚಪಟ್ಟು ನೀರೇ ಕುಡಿಯುವುದಿಲ್ಲ ನಮ್ಮ ಹಿರಿಯರು. ಒಂಬತ್ತೂವರೆ ಗಂಟೆ ನೀರಿಲ್ಲದೆ ಕೂರುವುದು ಒಳ್ಳೆಯದಲ್ಲ. ಆಗಾಗ ಎದ್ದು ನಾಲ್ಕು ಹೆಜ್ಜೆ ಹಾಕಲಿ.

ಮಿಮ್ಸ್_ರಸ್ತೆ_ಸಿಸ್ಟರ್:

ನಾನು ಮಂಡ್ಯದಲ್ಲಿ ನರ್ಸ್. ಇನ್ಸುಲಿನ್ ವಿಷಯಕ್ಕೆ ಯಾರೂ ಇನ್ನೂ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೇಷ್ಟ್ರು ಹೇಳಿದ ಗಡಿಯಾರದ ಲೆಕ್ಕ ಇಲ್ಲೇ ನಿಜವಾಗಿ ಬೇಕಾಗುವುದು. ಅಪ್ಪ ಹೊರಡುವ ದಿನ ರಾತ್ರಿ 8ಕ್ಕೆ ಮಾಮೂಲಿನಂತೆ ತಗೊಂಡರು ಅಂತಿಟ್ಟುಕೊಳ್ಳಿ. ಮುಂದಿನದು ಬೆಳಿಗ್ಗೆ 8ಕ್ಕೆ. ಯಾವ ಊರಿನ 8? ನಮ್ಮ 8 ಗಂಟೆ ಆಗುವಾಗ ಅವರು ವಿಮಾನ ಹತ್ತಿ ನಾಲ್ಕೂವರೆ ಗಂಟೆ ಆಗಿರುತ್ತದೆ, ಜರ್ಮನಿಯಲ್ಲಿ ಆಗ 4.30, ವಿಮಾನದಲ್ಲಿ ದೀಪ ಆರಿಸಿ ಎಲ್ಲರೂ ಮಲಗಿರುತ್ತಾರೆ. ಅದೇ ಜರ್ಮನಿಯ 8ರವರೆಗೆ ಕಾದರೆ ಎರಡು ಡೋಸ್ ನಡುವೆ 12 ಅಲ್ಲ, ಹದಿನೈದೂವರೆ ಗಂಟೆ ಆಗುತ್ತದೆ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದ ಆಗುತ್ತದೆ, ಬರುವಾಗ ಚಿಕ್ಕದಾಗುತ್ತದೆ. ಬರುವಾಗ ಇದೇ ಲೆಕ್ಕ ತಿರುಗುಮುರುಗು, ಅದೂ ನಾಲ್ಕೂವರೆ ಗಂಟೆಯ ವ್ಯತ್ಯಾಸದಲ್ಲಿ. ಜರ್ಮನಿಯಲ್ಲಿ ಬೆಳಿಗ್ಗೆ 8ಕ್ಕೆ ತಗೊಂಡು ಹೊರಟರೆ ನಮ್ಮ ರಾತ್ರಿ 8ಕ್ಕೆ ಏಳೂವರೆ ಗಂಟೆ ಮಾತ್ರ ಆಗಿರುತ್ತದೆ. ಗಡಿಯಾರ ನೋಡಿಕೊಂಡು ಆಗಲೇ ಪೂರ್ತಿ ಡೋಸ್ ಹಾಕಿಕೊಂಡರೆ ಸಕ್ಕರೆ ಇಳಿದುಬಿಡುವ ಅಪಾಯ ಇದೆ.

ಎಷ್ಟು ಯೂನಿಟ್, ಯಾವಾಗ ಅನ್ನುವುದನ್ನು ಅವರ ಡಾಕ್ಟರೇ ಹೇಳಬೇಕು, ಯಾಕೆಂದರೆ ಇನ್ಸುಲಿನ್‌ನಲ್ಲಿ ಬೇರೆ ಬೇರೆ ಬಗೆ ಇವೆ. ನೀವು ಮಾಡಬೇಕಾದದ್ದು ಇಷ್ಟು. ಒಂದು ಹಾಳೆಯಲ್ಲಿ ಹೊರಡುವ ಸಮಯ, ಇಳಿಯುವ ಸಮಯ, ಊಟದ ಸಮಯ ಎಲ್ಲವನ್ನೂ ಭಾರತದ ಗಡಿಯಾರದಲ್ಲೇ ಬರೆದುಕೊಂಡು ಹೋಗಿ ಡಾಕ್ಟರ್ ಮುಂದಿಡಿ. ಅದರ ಮೇಲೇ ಅವರ ಕೈಯಲ್ಲಿ ಬರೆಸಿಕೊಳ್ಳಿ. ಅಪ್ಪ ಕೈಗಡಿಯಾರವನ್ನು ವಿಮಾನದಲ್ಲಿ ಬದಲಿಸುವುದು ಬೇಡ, ಅಕ್ಕನ ಮನೆ ತಲುಪಿದ ಮೇಲೆ ಬದಲಿಸಲಿ. ಮೊಬೈಲ್ ಮಾತ್ರ ಇಳಿದ ತಕ್ಷಣ ತಾನೇ ಜರ್ಮನಿಯ ಸಮಯಕ್ಕೆ ತಿರುಗಿಬಿಡುತ್ತದೆ. ಅದನ್ನು ನೋಡಿ ಇನ್ನೂ ಟೈಮ್ ಇದೆ ಅಂದುಕೊಳ್ಳಬಾರದು.

ಇನ್ಸುಲಿನ್, ಸೂಜಿ, ಸಕ್ಕರೆ ನೋಡುವ ಯಂತ್ರ ಮೂರೂ ಕೈಚೀಲದಲ್ಲೇ ಇರಲಿ. ಲಗೇಜಿಗೆ ಹಾಕಿದರೆ ವಿಮಾನದ ಕೆಳಗಿನ ಜಾಗದಲ್ಲಿ ಚಳಿಗೆ ಹೆಪ್ಪುಗಟ್ಟಬಹುದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಡಾಕ್ಟರ ಚೀಟಿ ಇಂಗ್ಲಿಷ್‌ನಲ್ಲಿ ಜೊತೆಗಿರಲಿ. ಊಟ ತಡವಾದರೆ ಅಂತ ಎರಡು ಪ್ಯಾಕೆಟ್ ಬಿಸ್ಕತ್ತು, ಸ್ವಲ್ಪ ಗ್ಲೂಕೋಸ್.

ಮದ್ದೂರು_ಟ್ಯಾಕ್ಸಿ:

ಅಕ್ಕ, ರಸ್ತೆ ವಿಷಯ ನಾನು ಹೇಳ್ತೀನಿ, ಏರ್‌ಪೋರ್ಟ್ ಬಾಡಿಗೆ ಓಡಿಸುವವನು.

ಮೊದಲು ತಾರೀಖು. 14ರ ಬೆಳಗಿನ ಜಾವ 3.30 ಅಂದರೆ ನೀವು ಮನೆ ಬಿಡಬೇಕಾದದ್ದು 13ರ ರಾತ್ರಿ. ಇದನ್ನು ಕ್ಯಾಲೆಂಡರ್‌ನಲ್ಲಿ 13ರ ಮೇಲೇ ಗುರುತು ಹಾಕಿ. 14ರ ರಾತ್ರಿಗೆ ಗಾಡಿ ಹೇಳಿ, ವಿಮಾನ ಹಿಂದಿನ ದಿನವೇ ಹೋಗಿದೆ ಅಂತ ಆಮೇಲೆ ಗೊತ್ತಾದ ಕುಟುಂಬಗಳನ್ನು ನಾನೇ ನೋಡಿದ್ದೇನೆ. ಆ ಅಮ್ಮಂದಿರ ಮುಖ ನೋಡೋಕಾಗಲ್ಲ.

ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಇರಬೇಕು, ಅಂದರೆ ರಾತ್ರಿ 12.30. ವಯಸ್ಸಾದವರು, ಮೊದಲ ಸಲ, 12ಕ್ಕೇ ಇರೋಣ. ಮಂಡ್ಯದಿಂದ ನಿಲ್ದಾಣಕ್ಕೆ ಹತ್ತಿರ ಹತ್ತಿರ 140 ಕಿ.ಮೀ. ಎಕ್ಸ್‌ಪ್ರೆಸ್‌ವೇ ಮೇಲೆ ಬಿಡದಿ ದಾಟುವವರೆಗೆ ತೊಂದರೆ ಇಲ್ಲ. ಕಷ್ಟ ಶುರುವಾಗುವುದು ಬೆಂಗಳೂರು ಮುಟ್ಟಿದ ಮೇಲೆ. ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆಗೆ ಹೋದರೂ ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಲೇಬೇಕು. ರಾತ್ರಿ ಹತ್ತರ ಮೇಲೆ ಸ್ವಲ್ಪ ಸಲೀಸು. ಮಳೆ ಬಂದರೆ ಹೇಳೋಕಾಗಲ್ಲ, ಅಕ್ಟೋಬರ್ ಬೇರೆ. ಊಟ ಮಾಡಿ, ಇನ್ಸುಲಿನ್ ತಗೊಂಡು 8.30ಕ್ಕೆ ಹೊರಡಿ. ಡ್ರೈವರ್‌ಗೆ ಟರ್ಮಿನಲ್ 2 ಅಂತ ಹೇಳಿ. ವಿದೇಶಕ್ಕೆ ಹೋಗುವ ವಿಮಾನಗಳೆಲ್ಲ 2023ರ ಸೆಪ್ಟೆಂಬರ್‌ನಿಂದ ಅಲ್ಲಿಂದಲೇ.

ಬಸ್ಸೇ ಬೇಕು ಅಂದರೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಮೈಸೂರಿಂದ ನೇರ ನಿಲ್ದಾಣಕ್ಕೆ ಇದೆ. ಬುಕ್ ಮಾಡುವಾಗ ಎಲ್ಲಿ ಹತ್ತಬೇಕು ಅನ್ನುವುದನ್ನು ನೋಡಿಕೊಳ್ಳಿ. ಇಬ್ಬರು, ಮೂರು ತಿಂಗಳ ಲಗೇಜು ಅಂದರೆ ಕಾರೇ ವಾಸಿ.

ಹೆಬ್ಬಾಳ್_ರಿಂಗ್‌ರೋಡ್_ಮೈಸೂರು:

ಮಂಡ್ಯದವರಿಗೆ ಮೈಸೂರಿನ ಮಂಡಕಳ್ಳಿ ನಿಲ್ದಾಣವೇ ಹತ್ತಿರ. ಅಲ್ಲಿಂದ ಹೈದರಾಬಾದ್‌ಗೆ ಹೋಗಿ, ಹೈದರಾಬಾದಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಹಿಡಿಯಬಹುದಲ್ವಾ? ಬೆಂಗಳೂರಿನ ಟ್ರಾಫಿಕ್ಕೇ ಬೇಡ.

ಮಂಡಕಳ್ಳಿ_ರನ್‌ವೇ:

ನಮ್ಮೂರ ನಿಲ್ದಾಣ ಬೆಳೆಯಬೇಕು ಅನ್ನುವ ಆಸೆ ನನಗೂ ತುಂಬಾ ಇದೆ. ಹೈದರಾಬಾದ್–ಫ್ರಾಂಕ್‌ಫರ್ಟ್ ನೇರ ವಿಮಾನ 2024ರಲ್ಲಿ ಶುರುವಾಗಿದ್ದೂ ನಿಜ. ದೂರ ಸುಮಾರು 7,100 ಕಿ.ಮೀ., ಬೆಂಗಳೂರಿಗಿಂತ 300 ಕಡಿಮೆ. ಆದರೆ ನಮ್ಮ ರನ್‌ವೇ 1,740 ಮೀಟರ್ ಮಾತ್ರ. ದಿನನಿತ್ಯದ ಸೇವೆಗೆ ಎಟಿಆರ್‌ನಂಥ ಫ್ಯಾನಿನ ಸಣ್ಣ ವಿಮಾನವೇ ಬರಬೇಕು. ಅದರ ವೇಗ ಗಂಟೆಗೆ 500 ಕಿ.ಮೀ. ಹತ್ತಿರ. ಮೈಸೂರು–ಹೈದರಾಬಾದ್ ಸುಮಾರು 590 ಕಿ.ಮೀ. ಆದರೂ ಒಂದೂವರೆ ಗಂಟೆ ಹಿಡಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಟಿಕೆಟ್ ಬೇರೆ ಬೇರೆ ಆಗುವುದು. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಜವಾಬ್ದಾರರಲ್ಲ. ಲಗೇಜೂ ಹೈದರಾಬಾದ್‌ನಲ್ಲಿ ತಗೊಂಡು ಮತ್ತೆ ಹಾಕಬೇಕು. ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆ.ಜಿ. ಅಷ್ಟೇ ಬಿಡುತ್ತಾರೆ. ಬಾಣಂತನಕ್ಕೆ ಹೊರಟವರ ಲಗೇಜು ಅದರಲ್ಲಿ ಎಲ್ಲಿ ಸಾಕಾಗುತ್ತದೆ? ಇವರಿಗೆ ದೇವನಹಳ್ಳಿಯೇ ಸರಿ.

ಕುವೆಂಪುನಗರ_ಟು_ಫ್ರಾಂಕ್‌ಫರ್ಟ್:

ಮೈಸೂರಿನವನು, ಈಗ ಫ್ರಾಂಕ್‌ಫರ್ಟ್ ಹತ್ತಿರ ಇದ್ದೇನೆ. ಲಗೇಜು ಅಂದಿದ್ದಕ್ಕೆ ನೆನಪಾಯಿತು. ಅಮ್ಮ ಖಂಡಿತ ತುಪ್ಪ ಕಟ್ಟಿಕೊಡುತ್ತಾರೆ. ಹೊರದೇಶದಿಂದ ಯುರೋಪಿಗೆ ಹಾಲಿನ ಪದಾರ್ಥ, ಮಾಂಸ ತರುವ ಹಾಗಿಲ್ಲ, ಕಸ್ಟಮ್ಸ್‌ನವರು ಹಿಡಿದರೆ ಎಸೆಯುತ್ತಾರೆ, ದಂಡವೂ ಬೀಳಬಹುದು. ಬೆಣ್ಣೆ ಇಲ್ಲೇ ಒಳ್ಳೆಯದು ಸಿಗುತ್ತದೆ, ಅಕ್ಕನ ಮನೆಯಲ್ಲೇ ಕಾಯಿಸಿಕೊಳ್ಳಲಿ.

9.30ಕ್ಕೆ ಗೇಟಿಗೆ ಬಂದರೆ ಹೊರಗೆ ಬರುವಾಗ 11 ಆಗುತ್ತದೆ ಅಂತ ಭಾವನಿಗೆ ಹೇಳಿ. 2025ರ ಅಕ್ಟೋಬರ್‌ನಿಂದ ಯುರೋಪಿಗೆ ಬರುವ ಹೊರದೇಶದವರ ಬೆರಳಚ್ಚು, ಫೋಟೋ ತೆಗೆಯುವ ಹೊಸ ವ್ಯವಸ್ಥೆ ಶುರುವಾಗಿದೆ, ಮೊದಲ ಸಲ ಬರುವವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಮನ್‌ಹೈಮ್‌ಗೆ ಚಿಂತೆ ಇಲ್ಲ, ನಿಲ್ದಾಣದಲ್ಲೇ ರೈಲ್ವೆ ಸ್ಟೇಷನ್ ಇದೆ, ವೇಗದ ರೈಲಿಗೆ ಅರ್ಧ ಗಂಟೆ.

ಸುಮಾ_ಮಂಡ್ಯ:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಸಿಸ್ಟರ್ ಹೇಳಿದ ಹಾಗೆ ಎಲ್ಲವನ್ನೂ ನಮ್ಮ ಗಡಿಯಾರದಲ್ಲಿ ಬರೆದೆ. 13ರ ರಾತ್ರಿ 8.30 ಮನೆ, 12 ನಿಲ್ದಾಣ, 3.30 ವಿಮಾನ, 14ರ ಮಧ್ಯಾಹ್ನ 1 ಫ್ರಾಂಕ್‌ಫರ್ಟ್, 2.30ಕ್ಕೆ ಹೊರಗೆ, ಮನೆ ಮುಟ್ಟುವಾಗ 4. ಅಂದರೆ ಮನೆಯಿಂದ ಮನೆಗೆ ಹತ್ತೊಂಬತ್ತೂವರೆ ಗಂಟೆ, ಅದರಲ್ಲಿ ವಿಮಾನ ಒಂಬತ್ತೂವರೆ. ಸೋಮವಾರ ಈ ಹಾಳೆ ತಗೊಂಡು ಡಾಕ್ಟರ ಹತ್ತಿರ ಹೋಗುತ್ತೇವೆ. ತುಪ್ಪದ ಡಬ್ಬಿ ಬಗ್ಗೆ ಅವ್ವನಿಗೆ ಇನ್ನೂ ಹೇಳಬೇಕು.

ಕೊನೆಯದೊಂದು. ಜನವರಿಯಲ್ಲಿ ಕರೆದುಕೊಂಡು ಬರೋಕೆ ಗಾಡಿ ಯಾವ ದಿನ, ಎಷ್ಟು ಹೊತ್ತಿಗೆ ಹೇಳಬೇಕು?

ಮದ್ದೂರು_ಟ್ಯಾಕ್ಸಿ:

ಅಕ್ಕ, ಅಲ್ಲಿಂದ 5ಕ್ಕೆ ಹೊರಟರೂ ಇಲ್ಲಿ ಇಳಿಯುವುದು 6ರ ಬೆಳಗಿನ ಜಾವ 2.15ಕ್ಕೆ. ಲಗೇಜು ಬಂದು ಹೊರಗೆ ಬರುವಾಗ 3.15 ಆಗುತ್ತದೆ. ಗಾಡಿ ಮಂಡ್ಯ ಬಿಡಬೇಕಾದದ್ದು 5ರ ರಾತ್ರಿ 11.30ಕ್ಕೆ, ಆಗ ರಸ್ತೆ ಖಾಲಿ. ಹೊರಡುವ ಮೊದಲು ವಿಮಾನದ ನಂಬರ್ ಹಾಕಿ ಎಲ್ಲಿದೆ ಅಂತ ನೋಡಿ, ಸಂಜೆ 5.30ಕ್ಕೇ ಅಲ್ಲಿಂದ ಎದ್ದಿರುತ್ತದೆ, ತಡ ಆಗಿದ್ದರೆ ಆಗಲೇ ಗೊತ್ತಾಗುತ್ತದೆ. ಜನವರಿಯಲ್ಲಿ ದೇವನಹಳ್ಳಿ ಕಡೆ ಬೆಳಗಿನ ಜಾವ ಮಂಜು ಜಾಸ್ತಿ. ಅಪ್ಪ ಅವ್ವನಿಗೆ ಸ್ವೆಟರ್ ಲಗೇಜಿಗೆ ಹಾಕದೆ ಕೈಯಲ್ಲೇ ಇಟ್ಟುಕೊಳ್ಳೋಕೆ ಹೇಳಿ.